ಗೌರಮ್ಮ ಹೇಳಿದ್ದಲ್ಲ

ಸಿಂಚನಾ, ಪ್ರಣವ್ — ನಿಮ್ಮ ಅಮ್ಮನ ಕೈಗೆ ಬಂದಿದ್ದ ಕೆಲಸವನ್ನು ತಪ್ಪಿಸಿದವಳು ನಾನು. ಹಿಂದಿನ ಬೀದಿಯ ಹೂವಿನ ಗೌರಮ್ಮ ಅಲ್ಲ. ಮನೆ ನಂಬರಿನ ಗೊಂದಲವೂ ಅಲ್ಲ. ನಾನು — ನಿಮ್ಮ ಅಜ್ಜಿ ಹಾಲಮ್ಮ.

ಇಷ್ಟು ಬರೆಯುವುದರೊಳಗೆ ಪ್ರಣವನ ನೋಟುಪುಸ್ತಕದ ನಾಲ್ಕು ಹಾಳೆ ಹಾಳಾದವು. ನಾನು ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಯಾವ ಪ್ರಬಂಧಕ್ಕೂ ಪೀಠಿಕೆ ಇರಲೇಬೇಕು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆದರೆ ನಾನು ಪೀಠಿಕೆ ಬರೆಯಹೋದಾಗಲೆಲ್ಲ ಅದು ನೆಪವಾಗಿ ತಿರುಗುತ್ತಿತ್ತು. ಅದಕ್ಕೇ ಬಿಟ್ಟೆ.

ಈ ಕಥೆಯನ್ನು ನೀವು ಬೇರೆ ರೀತಿಯಲ್ಲಿ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಿಮ್ಮ ಅಮ್ಮ ಶೈಲಾಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ವಿಳಾಸ ಖಚಿತ ಮಾಡಿಕೊಳ್ಳಲು ಆ ಕಂಪನಿ ಕಳಿಸಿದ ಮನುಷ್ಯ ತಪ್ಪು ಮನೆಗೆ ಹೋದ. ಅಲ್ಲಿ ಯಾರೋ ಗೌರಮ್ಮ ಎನ್ನುವವರು ‘ಶೈಲಾ ಅನ್ನೋರು ಇಲ್ಲಿ ಇಲ್ಲ’ ಅಂದರು. ಕೆಲಸ ಕೈತಪ್ಪಿತು. ಇದು ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿರುವ ಕಥೆ. ಅದಾದ ಮೇಲೆಯೇ ನಿಮ್ಮಪ್ಪ ಗೇಟಿಗೆ ಅಷ್ಟು ದೊಡ್ಡ ನಂಬರ್ ಬೋರ್ಡು ಹಾಕಿಸಿದ್ದು. ಹೊಸೂರು ರಸ್ತೆಯಿಂದಲೇ ಓದಬಹುದು ಎಂದು ಮಹಡಿ ಮನೆಯವರು ನಗುತ್ತಾರೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ನಾನು ಆ ಬೋರ್ಡನ್ನು ನೋಡುವುದಿಲ್ಲ. ಅದು ನನ್ನನ್ನು ನೋಡುತ್ತದೆ.

ಆ ಮನುಷ್ಯ ತಪ್ಪು ಮನೆಗೆ ಹೋಗಿರಲಿಲ್ಲ. ಸರಿಯಾದ ಮನೆಗೇ ಬಂದಿದ್ದ. ಗೇಟಿನ ಹತ್ತಿರ ನಾನೇ ನಿಂತಿದ್ದೆ.

ಅದಕ್ಕೂ ಮುಂಚಿನದನ್ನು ಸ್ವಲ್ಪ ಹೇಳಬೇಕು. ನಿಮ್ಮ ಅಜ್ಜ ತೀರಿಕೊಂಡ ವರ್ಷವೇ ಕೊರೋನಾ ಬಂತು. ಅಮ್ಮನ ಕಂಪನಿಯವರು ವೈಟ್‌ಫೀಲ್ಡಿನ ಕಟ್ಟಡಕ್ಕೆ ಬೀಗ ಹಾಕಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದರು. ಕಾಯಿಲೆ ಹೋಯಿತು, ಬೀಗ ಮಾತ್ರ ತೆಗೆಯಲಿಲ್ಲ. ನಮ್ಮ ನಡುಕೋಣೆಯೇ ಅವಳ ಆಫೀಸಾಯಿತು. ನಿಮ್ಮಪ್ಪ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಿದ್ದ, ನೀವಿಬ್ಬರು ಶಾಲೆಗೆ. ಉಳಿದವರು ನಾವಿಬ್ಬರೇ — ಗೋಡೆಯ ಆ ಕಡೆ ಅವಳು, ಈ ಕಡೆ ಅಡುಗೆಮನೆಯಲ್ಲಿ ನಾನು.

ನನ್ನ ಸಂಕೋಚ ನಿಮಗೆ ಗೊತ್ತಿದೆ. ತೊಗರಿಬೇಳೆ ಕೇಳಿದ್ದಕ್ಕೆ ಅಂಗಡಿಯವನು ಕಡಲೆಬೇಳೆ ಕೊಟ್ಟಾಗ, ಬದಲಾಯಿಸಿ ಎನ್ನಲಾರದೆ ಮನೆಗೆ ಬಂದು ಅದರಲ್ಲೇ ಹೋಳಿಗೆ ಮಾಡಿದವಳು ನಾನು. ಮೂವತ್ತು ವರ್ಷ ಈ ಸಿಂಗಸಂದ್ರದಲ್ಲಿದ್ದೂ ನಾನಾಗಿ ಮಾತಾಡಿಸಿದವರು ಇಬ್ಬರೋ ಮೂವರೋ. ಅದರಲ್ಲಿ ಒಬ್ಬರು ನಿಮ್ಮ ಅಜ್ಜ.

ಅವರು ಹೋದ ಮೇಲೆ ನನಗೆ ಸಿಕ್ಕಿದ ಜನರೆಂದರೆ — ನಗಬೇಡಿ — ನಿಮ್ಮ ಅಮ್ಮನ ಮೀಟಿಂಗಿನವರು.

ಕಿವಿಗೆ ಹಾಕಿಕೊಳ್ಳುವುದನ್ನು ಹಾಕಿದರೆ ಅವಳಿಗೆ ತಲೆನೋವು. ಹಾಗಾಗಿ ಎಲ್ಲರ ದನಿಯೂ ಅಡುಗೆಮನೆಗೆ ಕೇಳುತ್ತಿತ್ತು. ಇಂಗ್ಲಿಷು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೆ ದನಿ ತಿಳಿಯುತ್ತದಲ್ಲ. ಅವರಿಗೆ ನಾನೇ ಹೆಸರಿಟ್ಟಿದ್ದೆ. ಮಾತಾಡುವಾಗಲೆಲ್ಲ ಹಿಂದೆ ಸೀಟಿ ಹೊಡೆಯುತ್ತಿದ್ದುದರಿಂದ ಒಬ್ಬ ಕುಕ್ಕರಿನವನು. ಒಬ್ಬಳು ನಾಯಿಯವಳು. ಮೇಲಧಿಕಾರಿ ದಿನವೂ ಮೊದಲು ‘ಕೇಳಿಸ್ತಿದೆಯಾ, ಕೇಳಿಸ್ತಿದೆಯಾ’ ಎನ್ನುವುದರಿಂದ ಅವರು ಕೇಳಿಸ್ತಿದೆಯಾ ಸಾಹೇಬರು. ಕೊಯಮತ್ತೂರಿನ ಒಬ್ಬಳು ಬಸುರಿಯಾಗಿದ್ದಳು. ಅವಳ ದನಿ ಸೋತಿರುವುದನ್ನು ಕೇಳಿ, ಈಕೆಗೆ ಯಾರೂ ಶುಂಠಿ ಕಷಾಯ ಮಾಡಿಕೊಡುತ್ತಿಲ್ಲವಲ್ಲ ಎಂದು ಸಂಕಟಪಡುತ್ತಿದ್ದೆ. ಮಗು ಹುಟ್ಟಿತೆಂದು ಎಲ್ಲರೂ ಕೂಗಾಡಿದ ದಿನ ಒಂದು ಕುಲಾವಿ ಹೆಣೆಯಲು ಶುರುಮಾಡಿದೆ. ಮುಗಿಯಿತು ಕೂಡ. ಕಳಿಸುವುದು ಹೇಗೆ, ನಾನು ಯಾರೆಂದು ಹೇಳಿ ಕಳಿಸುವುದು? ಅದು ಇನ್ನೂ ನನ್ನ ಟ್ರಂಕಿನಲ್ಲೇ ಇದೆ. ಆ ಮಗು ಈಗ ಶಾಲೆಗೆ ಸೇರಿರಬೇಕು.

ಹತ್ತು ಗಂಟೆಯದು ನಿಂತು ಮಾಡುವ ಮೀಟಿಂಗು ಎಂದು ಸಿಂಚನಾ, ನೀನೇ ಒಂದು ದಿನ ಹೇಳಿದ್ದೆ. ಅಂದಿನಿಂದ ಹತ್ತು ಹೊಡೆದರೆ ನಾನು ಮಿಕ್ಸಿ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಹುರುಳಿಕಾಯಿ ಬಟ್ಟಲು ಹಿಡಿದು ಎದ್ದು ನಿಲ್ಲುತ್ತಿದ್ದೆ. ಹೀಗೆ ಎಂಟು ತಿಂಗಳು. ಒಂದು ದಿನ ಕಾಫಿ ಕೊಡಲು ಹೋಗಿ ನೋಡಿದರೆ ನಿಮ್ಮ ಅಮ್ಮ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಪರದೆಯ ಮೇಲಿನವರೂ ಕೂತಿದ್ದರು. ಒಬ್ಬ ಮಲಗಿಯೇ ಇದ್ದ. ಆ ಇಡೀ ಕಂಪನಿಯಲ್ಲಿ ನಿಂತಿದ್ದವಳು ನಾನೊಬ್ಬಳೇ.

ಹೀಗಿರುವಾಗ ಒಂದು ಸಂಜೆ ಅವಳು ಅಡುಗೆಮನೆಗೆ ಬಂದು, “ಅತ್ತೆ, ನಾನು ರಾಜೀನಾಮೆ ಕೊಟ್ಟೆ,” ಅಂದಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಂತೆ. ವಾರಕ್ಕೆ ಐದು ದಿನವೂ ಆಫೀಸಿಗೆ ಹೋಗಲೇಬೇಕಂತೆ. ಬೇರೆಯವರು ಅದಕ್ಕೆ ಅಳುತ್ತಾರೆ. ಅವಳ ಮುಖ ಅರಳಿತ್ತು. ಹೊಸ ಚಪ್ಪಲಿ ತಂದಳು. ಮೂರು ಡಬ್ಬಿಯ ಒಂದು ಊಟದ ಕ್ಯಾರಿಯರ್ ತಂದು, “ಒಂದು ನನಗೆ, ಎರಡು ಹಂಚೋಕೆ,” ಅಂದಳು. ಕ್ಯಾರಿಯರಿನ ಮೇಲಿನ ಚೀಟಿಯನ್ನು ಕೀಳಲಿಲ್ಲ. ಮೊದಲ ದಿನ ಕೀಳುತ್ತೇನೆ ಎಂದಳು.

ನಾನು “ಒಳ್ಳೆಯದಾಯ್ತು” ಅಂದೆ. ಬಾಯಿ ಅಂದಿತು. ಒಳಗೆ ಮಾತ್ರ — ರಾಜೀನಾಮೆ ಕೊಟ್ಟವಳು ಅವಳು, ಕೆಲಸ ಹೋದದ್ದು ನನ್ನದು. ಇನ್ನು ಹತ್ತು ಗಂಟೆಗೆ ಯಾರಿಗಾಗಿ ನಿಲ್ಲಲಿ? ಕುಕ್ಕರಿನವನ ಮದುವೆಯ ಮಾತುಕತೆ ಎಲ್ಲಿಗೆ ಬಂತೆಂದು ನನಗೆ ಯಾರು ಹೇಳುತ್ತಾರೆ?

ಇದಕ್ಕೆ ನಾನೊಂದು ದೊಡ್ಡ ಹೆಸರನ್ನೂ ಹುಡುಕಿಕೊಂಡೆ. ನಿಮ್ಮ ಅಜ್ಜ ಬೊಮ್ಮಸಂದ್ರದ ಒಂದೇ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ಫಿಟ್ಟರ್ ಆಗಿದ್ದವರು. ಅನ್ನ ಹಾಕಿದ ಕಂಪನಿ ಎನ್ನದೆ ಅದರ ಹೆಸರು ಎತ್ತುತ್ತಿರಲಿಲ್ಲ. ಈ ಕಾಲದವರಿಗೆ ನಿಯತ್ತೇ ಇಲ್ಲ, ಕೇಳಿಸ್ತಿದೆಯಾ ಸಾಹೇಬರು ಪಾಪ ಏನು ಮಾಡಿಯಾರು ಎಂದೆಲ್ಲ ಅವರ ಫೋಟೋದ ಮುಂದೆ ನಿಂತು ಗೊಣಗಿದೆ. ಈಗ ಅನ್ನಿಸುತ್ತದೆ — ನಿಯತ್ತು ಗಿಯತ್ತು ಏನೂ ಅಲ್ಲ. ನನಗೆ ಹಗಲುಹೊತ್ತು ಖಾಲಿ ಮನೆಯ ಭಯ. ಅಷ್ಟೇ.

ಆ ದಿನ ಹನ್ನೊಂದು ಗಂಟೆ. ನಾನು ಗೇಟಿನ ಮುಂದೆ ನೀರು ಹಾಕಿ ಗುಡಿಸುತ್ತಿದ್ದೆ. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡ ನಡುವಯಸ್ಸಿನ ಒಬ್ಬ ಮನುಷ್ಯ ಗಾಡಿ ನಿಲ್ಲಿಸಿ, ಕೈಯಲ್ಲಿದ್ದ ಕಾಗದ ನೋಡುತ್ತಾ ಕೇಳಿದ:

“ಅಮ್ಮಾ, ಶೈಲಾ ಮಂಜುನಾಥ್ ಅನ್ನೋರು ಇರೋದು ಇಲ್ಲೇನಾ? ಕಂಪನಿ ಕಡೆಯಿಂದ ಅಡ್ರೆಸ್ ಚೆಕ್ ಮಾಡೋಕೆ ಬಂದಿದ್ದೀನಿ.”

ನಾನು ಯೋಚಿಸಿರಲಿಲ್ಲ. ಅದನ್ನು ನಂಬಿ, ಬಿಡಿ. ಆದರೆ ಬಾಯಿ ತೆರೆದ ಮೇಲೆ ಮುಚ್ಚಲೂ ಇಲ್ಲ.

“ಅಂಥವರು ಇಲ್ಲಿ ಯಾರೂ ಇಲ್ಲ,” ಅಂದೆ.

ಅದೇ ಹೊತ್ತಿಗೆ ಕಿಟಕಿಯಿಂದ ನಿಮ್ಮ ಅಮ್ಮನ ದನಿ, ಗಂಟೆ ಬಾರಿಸಿದ ಹಾಗೆ: “ಹಲೋ, ಶೈಲಾ ಹಿಯರ್.”

ಅವನು ಕಿಟಕಿಯ ಕಡೆ ನೋಡಿದ. ನನ್ನ ಕಡೆ ನೋಡಿದ.

“ಅದು ಟಿವಿ,” ಅಂದೆ.

“ನಿಮ್ಮ ಹೆಸರೇನಮ್ಮಾ?”

ಹಾಲಮ್ಮ ಎನ್ನಲು ಧೈರ್ಯ ಬರಲಿಲ್ಲ. ಬಾಯಿಗೆ ಬಂದದ್ದು ಗೌರಿ — ನಮ್ಮ ತವರಿನಲ್ಲಿದ್ದ ಎಮ್ಮೆಯ ಹೆಸರು. ಮರ್ಯಾದೆಗೆ ಒಂದು ‘ಅಮ್ಮ’ ಸೇರಿಸಿ “ಗೌರಮ್ಮ” ಅಂದೆ.

“ಸ್ವಂತ ಮನೆನಾ?”

“ಇಲ್ಲ. ಬಾಡಿಗೆ.”

“ಎಷ್ಟು ವರ್ಷದಿಂದ ಇದ್ದೀರಿ?”

ಇಲ್ಲಿ ಸುಳ್ಳು ಹೇಳಬೇಕೆಂದು ತೋಚಲೇ ಇಲ್ಲ. “ಮೂವತ್ತು ವರ್ಷ,” ಅಂದೆ.

ಅವನು ಬರೆಯುವುದನ್ನು ನಿಲ್ಲಿಸಿದ. “ಬೆಂಗಳೂರಲ್ಲಿ ಮೂವತ್ತು ವರ್ಷ ಒಂದೇ ಬಾಡಿಗೆ ಮನೇಲಿ? ಓನರ್ ದೇವರಂಥವರು ಬಿಡಿ, ಗೌರಮ್ಮನೋರೆ.”

“ಹೌದು, ತುಂಬಾ ಒಳ್ಳೆಯವರು,” ಅಂದೆ. ನಿಮ್ಮ ಅಜ್ಜನನ್ನು ನೆನೆದು ಕಣ್ಣಲ್ಲಿ ನೀರೂ ಬಂತು. ಅವನು ಕೈಮುಗಿದು ಹೋದ.

ವಾರ ಕಳೆದ ಮೇಲೆ ಹೊಸ ಕಂಪನಿಯಿಂದ ಕಾಗದ ಬಂತು. ಆ ವಿಳಾಸದಲ್ಲಿ ಗೌರಮ್ಮ ಎಂಬ ಬಾಡಿಗೆದಾರರು ವಾಸವಿದ್ದಾರೆ, ಶೈಲಾ ಎಂಬುವವರು ಇಲ್ಲ. ನಿಮ್ಮ ಅಮ್ಮ ಕರೆಂಟ್ ಬಿಲ್ಲು, ಆಧಾರು ಎಲ್ಲ ಕಳಿಸಿದಳು. ಅವರು ನೋಡುತ್ತೇವೆ ಎಂದರು, ಮತ್ತೆ ನೋಡುತ್ತೇವೆ ಎಂದರು. ಮೂರನೆಯ ವಾರ, ಹೊಸಬರನ್ನು ತೆಗೆದುಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದುಬಿಟ್ಟರು. ಅವಳು ಹಳೆಯ ಕಂಪನಿಗೆ ಕೊಟ್ಟ ರಾಜೀನಾಮೆಯನ್ನು ವಾಪಸ್ ಪಡೆದಳು. “ನೀವು ನಮ್ಮನ್ನು ಬಿಟ್ಟುಹೋಗಲ್ಲ ಅಂತ ನನಗೆ ಗೊತ್ತಿತ್ತು” ಎಂದರಂತೆ ಕೇಳಿಸ್ತಿದೆಯಾ ಸಾಹೇಬರು. ಕ್ಯಾರಿಯರ್ ಅಟ್ಟ ಸೇರಿತು, ಚೀಟಿಯ ಸಮೇತ.

ನಿಮ್ಮಪ್ಪ ಸುಮ್ಮನಿರಲಿಲ್ಲ. “ಯಾರಿದು ಗೌರಮ್ಮ, ಹುಡುಕೇ ಹುಡುಕ್ತೀನಿ” ಎಂದು ಬೀದಿ ಬೀದಿ ಸುತ್ತಿದ. ಗೌರಮ್ಮ ಎಂಬ ಹೆಸರಿಗೆ ಈ ಊರಿನಲ್ಲಿ ಬರವೇ? ಹಿಂದಿನ ಬೀದಿಯಲ್ಲಿ, ನಮ್ಮ ಮನೆಗೆ ಮೊದಲಿದ್ದ ನಂಬರೇ ಇರುವ ಮನೆಯ ಹಿಂಭಾಗದಲ್ಲಿ, ಬಾಡಿಗೆಗಿದ್ದ ಹೂವಿನ ಗೌರಮ್ಮ ಸಿಕ್ಕಿಬಿದ್ದರು. ನನ್ನಂತೆಯೇ ಗಂಡನನ್ನು ಕಳೆದುಕೊಂಡವರು, ನನ್ನದೇ ವಯಸ್ಸು. ಯಾರೂ ಬಂದು ಕೇಳಲಿಲ್ಲಪ್ಪ ಎಂದು ಅವರು ಎರಡು ಸಲ ಹೇಳಿದರು. ನಿಮ್ಮಪ್ಪ ಮೂರು ಸಲ ಕೇಳಿದ.

ಮಕ್ಕಳೇ, ಇಲ್ಲಿಯವರೆಗೆ ನೀವು ನಕ್ಕಿದ್ದರೆ ಪರವಾಗಿಲ್ಲ. ಬರೆಯುವಾಗ ನನಗೂ ನಗು ಬಂತು. ಇನ್ನು ಮುಂದಿನದಕ್ಕೆ ಬರುವುದಿಲ್ಲ.

ಮರುದಿನ ಗೌರಮ್ಮ ಒಂದು ಮೊಳ ಮಲ್ಲಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ನಿಮ್ಮ ಅಮ್ಮನ ಕೈಹಿಡಿದು, “ನಾನೇ ಏನಾರಾ ಏಳಿರ್ಬೇಕು ಕಣವ್ವ. ಈಗೀಗ ನನ್ಗೆ ಗ್ಯಾನ ನಿಲ್ಲಾಕಿಲ್ಲ. ತಪ್ಪಾಯ್ತು,” ಅಂದರು.

ಆಡದ ಮಾತನ್ನು ಆಡಿದೆ ಎಂದು ಆ ಹೆಂಗಸು ನಂಬಿಬಿಟ್ಟಿದ್ದರು. ಹೂವಿನ ಲೆಕ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡವರು, ತನ್ನ ನೆನಪಿನ ಮೇಲೆ ತಾನೇ ಅನುಮಾನ ಪಟ್ಟುಕೊಂಡರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ಹೊರಗೆ ಬರಲಿಲ್ಲ. ನಾಲ್ಕು ಹೆಜ್ಜೆ ದೂರ — ನಾಲ್ಕೇ ಹೆಜ್ಜೆ.

ಆಮೇಲೆ ಅವರಲ್ಲಿ ಹೂವು ಕೊಳ್ಳಲು ಹೋಗತೊಡಗಿದೆ. ದಿನವೂ. ಮೊದಲು ಪಾಪಭೀತಿಯಿಂದ, ಆಮೇಲೆ ಅಭ್ಯಾಸದಿಂದ, ಆಮೇಲೆ — ಅವರು ಒಂದು ಮಣೆ ಹಾಕಿಡುತ್ತಿದ್ದರು, ಅದಕ್ಕೆ. ಹೀಗೆ ಅವರು ನನಗೆ ಗೆಳತಿಯಾದರು. “ಆಲಮ್ಮನೋರೆ, ನಿಮ್ ಸೊಸೆಗೆ ನನ್ ಮ್ಯಾಲೆ ಕ್ವಾಪ ವೋಯ್ತಾ?” ಎಂದು ಈಗಲೂ ಕೆಲವೊಮ್ಮೆ ಕೇಳುತ್ತಾರೆ. ಹೋಯಿತು ಎನ್ನುತ್ತೇನೆ. ಕ್ಷಮಿಸಿಬಿಟ್ಟಿದ್ದಾಳೆ ಎಂದೂ ಒಮ್ಮೆ ಹೇಳಿದೆ. ನೋಡಿ ನನ್ನ ನಾಲಗೆ.

ನಿಮ್ಮ ಅಮ್ಮನ ವಿಷಯ. ಒಂದು ಮಧ್ಯಾಹ್ನ ಅವಳು ತಂಗಿಯೊಡನೆ ಫೋನಿನಲ್ಲಿ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸಿತು. “ಸಂಬಳಕ್ಕಲ್ಲ ಕಣೇ ನಾನು ಹೋಗ್ತೀನಿ ಅಂದಿದ್ದು. ಮೂರು ವರ್ಷದಿಂದ ಮಧ್ಯಾಹ್ನ ನನ್ನ ಜೊತೆ ಕೂತು ಊಟ ಮಾಡಿದವರು ಒಬ್ಬರೂ ಇಲ್ಲ. ಗೋಡೆ ನೋಡ್ಕೊಂಡು ತಿಂತೀನಿ.”

ಅವಳ ತಟ್ಟೆಯನ್ನು ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟು, ಕೆಲಸಕ್ಕೆ ಅಡ್ಡಿಯಾಗಬಾರದೆಂದು ಸದ್ದಿಲ್ಲದೆ ಬಂದುಬಿಡುವವಳು ನಾನೇ. ಆಮೇಲೆ ಅಡುಗೆಮನೆಯಲ್ಲಿ ಕೂತು ನಾನೂ ಉಣ್ಣುತ್ತಿದ್ದೆ. ಅದೇ ಗೋಡೆಯನ್ನು ನೋಡಿಕೊಂಡು. ಈ ಕಡೆಯಿಂದ.

ನನ್ನ ತಟ್ಟೆ ಹಿಡಿದು ಆ ಕೋಣೆಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಹೋದಾಗ ಅವಳು ಗಾಬರಿಯಾಗಿ, “ಏನಾಯ್ತು ಅತ್ತೆ? ಗ್ಯಾಸ್ ಖಾಲಿನಾ?” ಅಂದಳು. ಇಲ್ಲ, ಊಟಕ್ಕೆ ಬಂದೆ ಎಂದು ಮಂಚದ ಅಂಚಿನಲ್ಲಿ ಕೂತೆ. ಪರದೆ ತೆರೆದೇ ಇತ್ತು. “ಹಲೋ ಆಂಟಿ” ಎಂದಿತು ಕುಕ್ಕರಿನವನ ದನಿ. ಅಷ್ಟು ವರ್ಷದ ಪರಿಚಯ, ಮೊದಲ ಸಲ ಮುಖಾಮುಖಿಯಾದದ್ದು. ನಾಚಿಕೆಯಾಗಿ ತಟ್ಟೆಯನ್ನೇ ಮುಖಕ್ಕೆ ಅಡ್ಡ ಹಿಡಿದೆ. ಸಾರು ಸೀರೆಯ ಮೇಲೆ ಚೆಲ್ಲಿತು. ನಿಮ್ಮ ಅಮ್ಮ ನಕ್ಕ ನಗು — ಅದನ್ನು ಆ ವರ್ಷ ನಾನು ಕೇಳಿರಲಿಲ್ಲ. ಅಂದಿನಿಂದ ಮಧ್ಯಾಹ್ನ ನಾವು ಒಟ್ಟಿಗೇ ಉಣ್ಣುತ್ತೇವೆ. ಅದರಿಂದ ನನ್ನ ತಪ್ಪು ತೀರಿತೆಂದು ಅಂದುಕೊಳ್ಳಬೇಡಿ. ನಾನೊಬ್ಬಳು ಮುದುಕಿ ಜೊತೆಗೆ ಕೂತರೆ ಅದು ಅವಳು ಬಯಸಿದ ಲೋಕವಾಗುವುದಿಲ್ಲ.

ಹೋದ ವರ್ಷ ಹಳೆಯ ಕಂಪನಿಯವರು ಅವಳಿಗೆ ಗಾಜಿನ ಒಂದು ಫಲಕ ಕಳಿಸಿದರು. ಬಿಡದೆ ನಿಷ್ಠೆಯಿಂದ ಉಳಿದದ್ದಕ್ಕೆ ಎಂದು ಪ್ರಣವ್ ಅದನ್ನು ಓದಿ ಹೇಳಿದ. ಶೋಕೇಸಿನಲ್ಲಿ ನಿಮ್ಮ ಅಜ್ಜನ ಕಾರ್ಖಾನೆಯವರು ಕೊಟ್ಟ ಗಡಿಯಾರದ ಪಕ್ಕದಲ್ಲಿದೆಯಲ್ಲ, ಅದೇ. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅಡುಗೆಮನೆಯಲ್ಲಿ ನಾನೂ ಎರಡು ತಟ್ಟಿ, ಯಾವುದಕ್ಕೆ ತಟ್ಟುತ್ತಿದ್ದೇನೆಂದು ನೆನಪಾಗಿ ನಿಲ್ಲಿಸಿದೆ. ಅಜ್ಜನ ಗಡಿಯಾರ ಅವರು ದುಡಿದು ಪಡೆದದ್ದು. ಆ ಫಲಕ ನನ್ನ ಸುಳ್ಳಿಗೆ ಸಿಕ್ಕಿದ್ದು. ದಿನಾ ಧೂಳು ಒರೆಸುವವಳೂ ನಾನೇ.

ಈಗ ಬರೆಯುತ್ತಿರುವ ಕಾರಣಕ್ಕೆ ಬರುತ್ತೇನೆ. ನಿಮ್ಮ ಅಮ್ಮನಿಗೆ ಮತ್ತೊಂದು ಕೆಲಸ ಸಿಕ್ಕಿರುವುದು ನಿಮಗೆ ಗೊತ್ತು. ಈ ಸಲವೂ ದಿನಾ ಆಫೀಸು, ಈ ಸಲವೂ ಎಲೆಕ್ಟ್ರಾನಿಕ್ ಸಿಟಿ. ಸೋಮವಾರ ಸೇರಬೇಕು. ನಿನ್ನೆ ಗುರುವಾರ ಅವಳು ಬ್ಯಾಂಕಿಗೆ ಹೋಗಿದ್ದಾಗ ವಿಳಾಸ ನೋಡುವವನು ಬಂದ. ನಾನು ಬೆಳಗಿನಿಂದ ಗೇಟಿನಲ್ಲೇ ಕಾದಿದ್ದೆ.

ಅದೇ ಹೆಲ್ಮೆಟ್ಟು. ಅದೇ ಮನುಷ್ಯ — ಈ ಕಂಪನಿಗೂ ವಿಳಾಸ ನೋಡುವವನು ಅವನೇ.

“ಓಹೋ, ಗೌರಮ್ಮನೋರು,” ಅಂದ. “ಮೂವತ್ತು ವರ್ಷದ ಬಾಡಿಗೆ. ನಿಮ್ಮ ಕಥೆ ನಮ್ಮ ಓನರ್‌ಗೆ ದಿನಾ ಹೇಳ್ತೀನಿ, ಆಸಾಮಿ ಕಲಿಯಲ್ಲ.”

ಗೇಟಿನ ಕಂಬಿ ಹಿಡಿದುಕೊಂಡೆ. ಹೇಳಿದೆ. “ನನ್ನ ಹೆಸರು ಹಾಲಮ್ಮ. ಇದು ನಮ್ಮ ಸ್ವಂತ ಮನೆ. ಶೈಲಾ ನನ್ನ ಸೊಸೆ. ಇಲ್ಲೇ ಇದ್ದಾಳೆ. ಮದುವೆಯಾಗಿ ಬಂದಾಗಿಂದ ಇಲ್ಲೇ ಇದ್ದಾಳೆ.”

ಅವನು ಪೆನ್ನು ಕಿವಿಗೆ ಸಿಕ್ಕಿಸಿದ. “ಏನಮ್ಮಾ ಇದು? ಹೋದ ಸಲ ಇಲ್ಲ ಅಂದ್ರಿ, ಈ ಸಲ ಇದ್ದಾರೆ ಅಂತೀರಿ. ಯಾವುದು ಬರ್ಕೊಳ್ಳಲಿ?”

ಒಳಗೆ ಹೋಗಿ ಆಧಾರು, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮದುವೆಯ ಆಲ್ಬಮ್ಮು, ಪ್ರಣವನ ನಾಮಕರಣದ ಫೋಟೋ ಎಲ್ಲವನ್ನೂ ಹೊತ್ತು ತಂದು ಅವನ ಗಾಡಿಯ ಸೀಟಿನ ಮೇಲೆ ಹರಡಿದೆ. ಆಧಾರು ಒಂದೇ ಸಾಕಮ್ಮ ಎಂದ. ನಾನು ಆಲ್ಬಮ್ ಪೂರ್ತಿ ತೋರಿಸಿದೆ.

“ಹೋದ ಸಲ ನಾನು ಸುಳ್ಳು ಹೇಳಿದೆ,” ಅಂದೆ. “ಅದನ್ನೂ ಬರ್ಕೊಳ್ಳಿ.”

ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಗೆ ಬಂದಿತ್ತು. ಅವನು ಫಾರಂ ಅನ್ನು ಮೇಲಿನಿಂದ ಕೆಳಗೆ ನೋಡಿದ, ತಿರುಗಿಸಿ ನೋಡಿದ.

“ಅದಕ್ಕೆ ಕಾಲಂ ಇಲ್ಲಮ್ಮ,” ಅಂದ. ನನ್ನ ಸಹಿ ಹಾಕಿಸಿಕೊಂಡು ಹೋದ.

ಅವನ ಫಾರಂನಲ್ಲಿ ಜಾಗವಿಲ್ಲದ್ದನ್ನು ಇಲ್ಲಿ ಬರೆದಿದ್ದೇನೆ.

ನಾಳೆ ಶನಿವಾರ. ಮೊದಲು ಗೌರಮ್ಮನ ಹತ್ತಿರ ಹೋಗುತ್ತೇನೆ. ನಿಮ್ಮ ಅಮ್ಮನಿಂದ ನಾನು ಕಸಿದದ್ದು ಒಂದು ಕೆಲಸ, ಎರಡು ವರ್ಷ. ಗೌರಮ್ಮನಿಂದ ಕಸಿದದ್ದು ಅವರ ನೆನಪಿನ ಮೇಲಿನ ನಂಬಿಕೆ. ‘ನೀವು ಹೇಳಿದ್ದಲ್ಲ, ನಿಮಗೆ ಮರೆತಿಲ್ಲ, ನಿಮ್ಮ ಬುದ್ಧಿ ಸರಿಯಾಗಿದೆ’ ಎಂದು ಹೇಳಬೇಕು. ಮಣೆ ಎತ್ತಿ ಒಳಗಿಟ್ಟರೆ ಇಟ್ಟುಕೊಳ್ಳಲಿ. ಭಾನುವಾರ ಮಧ್ಯಾಹ್ನ, ಊಟದ ಹೊತ್ತಿಗೆ, ನಿಮ್ಮ ಅಮ್ಮನಿಗೆ ಹೇಳುತ್ತೇನೆ. ಅವಳು ಸಿಟ್ಟಾದರೆ ನೀವು ನನ್ನ ಪರ ಮಾತಾಡಬೇಡಿ. ಕ್ಯಾರಿಯರನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದೇನೆ. ಚೀಟಿಯನ್ನು ಕಿತ್ತಿಲ್ಲ. ಅದು ಅವಳು ಕೀಳಬೇಕಾದದ್ದು.

ಸೋಮವಾರದಿಂದ ಹತ್ತು ಗಂಟೆಗೆ ಮನೆ ಸದ್ದಿಲ್ಲದೆ ಇರುತ್ತದೆ. ಇರಲಿ. ಕುಲಾವಿಯನ್ನು ಕೊಯಮತ್ತೂರಿಗೆ ಕಳಿಸಬೇಕು, ಅವಳಿಗೆ ಎರಡನೆಯ ಮಗುವೇನಾದರೂ ಆಗುವುದಿದ್ದರೆ.

ಒಂದೇ ಮಾತು ಕೇಳುತ್ತೇನೆ. ನನ್ನ ಬಾಯಿಯನ್ನು ನಂಬುವಂತಿಲ್ಲ. ಸುಳ್ಳಿಗೆ ಸಲೀಸಾಗಿ ತೆರೆದದ್ದು ನಿಜಕ್ಕೆ ಮುಚ್ಚಿಕೊಂಡರೂ ಮುಚ್ಚಿಕೊಂಡೀತು. ಭಾನುವಾರ ಊಟ ಮುಗಿದು ತಟ್ಟೆ ತೊಳೆಯುವ ಹೊತ್ತಿಗೂ ನಾನು ಸುಮ್ಮನೇ ಇದ್ದರೆ, ಸಿಂಚನಾ, ಇದನ್ನು ಅಮ್ಮನಿಗೆ ನೀನೇ ಗಟ್ಟಿಯಾಗಿ ಓದಿ ಹೇಳು. ಗೌರಮ್ಮ ಒಳಗೆ ಬಂದು ಕೂರಲಿ, ಅವರೂ ಕೇಳಲಿ. ಅಲ್ಲಿಯವರೆಗೆ, ಆಮೇಲೂ, ಈ ಹಾಳೆಗಳನ್ನು ಜೋಪಾನವಾಗಿಡಿ — ಕಾಗದಪತ್ರದ ಫೈಲಿನಲ್ಲಿ ಬೇಡ, ಅಲ್ಲಿ ನಿಮ್ಮಪ್ಪನಿಗೆ ಏನೂ ಸಿಗುವುದಿಲ್ಲ. ಶೋಕೇಸಿನಲ್ಲಿ ಆ ಗಾಜಿನ ಫಲಕದ ಕೆಳಗಿಡಿ.